ಮನೆಯಲ್ಲೇ ಮಾಡಿದ ಸಲಕರಣೆ: ನಾಲ್ಕು ಜನರಿಗೆ ತಿಳಿಸುವ ಬಗೆ

ಬೇಸಾಯಗಾರರ ಮನೆಯ ಅಟ್ಟ, ಕೊಟ್ಟಿಗೆಯ ಸೂರು, ಪಂಪ್‌ಸೆಟ್ಟಿನ ಮನೆ, ಈ ಮೂರು ಕಡೆ ಹುಡುಕಿದರೆ ಪೇಟೆಯಲ್ಲಿ ಸಿಗದ ಒಂದಲ್ಲ ಒಂದು ಸಾಮಾನು ಕೈಗೆ ಸಿಗುತ್ತದೆ. ಸಪೋಟ ಕೀಳಲು ಕೊಕ್ಕೆಗೆ ಬಲೆ ಕಟ್ಟಿದ ಗಳ, ಬಗ್ಗದೆ ಬೀಜ ಬಿಡಲು ಒಂದು ತುದಿ ಕತ್ತರಿಸಿದ ಕೊಳವೆ, ಹಳೆಯ ಸೈಕಲ್ ಚಕ್ರದಿಂದ ಮಾಡಿದ ಎಡೆಕುಂಟೆ, ಬಿಳಿ ನೊಣ ಹಿಡಿಯಲು ಹಳದಿ ಬಣ್ಣ ಬಳಿದು ಹರಳೆಣ್ಣೆ ಸವರಿದ ತಗಡಿನ ಡಬ್ಬ. ಮಾಡಿದವರನ್ನು ಕೇಳಿದರೆ, "ಅಯ್ಯೋ, ಅದೇನು ಮಹಾ, ಏನೋ ನಮ್ಮ ಅನುಕೂಲಕ್ಕೆ ಮಾಡಿಕೊಂಡದ್ದು" ಎನ್ನುತ್ತಾರೆ. ಅವರ ಮಾತು ಅಲ್ಲಿಗೇ ನಿಲ್ಲುತ್ತದೆ. ಮಾಡಿದವರ ಕಾಲದ ನಂತರ ಆ ಸಾಮಾನು ಅಟ್ಟದಲ್ಲಿ ಉಳಿದರೂ ಅದನ್ನು ಬಳಸುವ ಬಗೆ ಮನೆಯಲ್ಲಿ ಯಾರಿಗೂ ತಿಳಿದಿರುವುದಿಲ್ಲ.

ಹೀಗಾಗಬಾರದು. ನೀವು ನಿಮ್ಮ ಕಷ್ಟಕ್ಕೆ ಕಂಡುಕೊಂಡ ಉಪಾಯ ಪಕ್ಕದ ಊರಿನವರ ಕಷ್ಟಕ್ಕೂ ಉಪಾಯವಾಗಬಹುದು. ಆದರೆ ಹೇಳಿದರೆ ಸಾಲದು, ಸರಿಯಾಗಿ ಹೇಳಬೇಕು. ಅರ್ಧ ಹೇಳಿದ ಉಪಾಯ ಹೇಳದೆ ಉಳಿದ ಉಪಾಯಕ್ಕಿಂತ ಹೆಚ್ಚು ನಷ್ಟ ಉಂಟುಮಾಡಬಲ್ಲದು. ಆದ್ದರಿಂದ ಮನೆಯಲ್ಲಿ ಮಾಡಿದ ಸಣ್ಣ ಸಲಕರಣೆಯನ್ನೂ ದಿನನಿತ್ಯದ ಬೇಸಾಯದಲ್ಲಿ ಕಂಡ ಸಣ್ಣ ಯಶಸ್ಸನ್ನೂ ಇತರ ಬೇಸಾಯಗಾರರಿಗೆ ಉಪಯೋಗವಾಗುವಂತೆ ತಿಳಿಸುವುದು ಹೇಗೆ ಎಂಬುದೇ ಈ ಪಾಠದ ವಿಷಯ.

ಯಾವುದು ಹೇಳತಕ್ಕ ವಿಷಯ?

ದೊಡ್ಡ ಯಂತ್ರ ಕಂಡುಹಿಡಿದವರು ಮಾತ್ರ ಹೇಳಬೇಕೆಂಬ ನಿಯಮವಿಲ್ಲ. ಕೆಲಸವನ್ನು ಹಗುರ ಮಾಡಿದ್ದು, ಖರ್ಚು ಉಳಿಸಿದ್ದು, ನಷ್ಟ ತಪ್ಪಿಸಿದ್ದು ಅಥವಾ ಒಂದು ಅಳತೆಯನ್ನು ಕೊಟ್ಟದ್ದು, ಈ ನಾಲ್ಕರಲ್ಲಿ ಒಂದಾದರೂ ಆದರೆ ಅದು ಹೇಳತಕ್ಕ ವಿಷಯವೇ. ಕೊನೆಯದನ್ನು ಬಹಳ ಮಂದಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಅದಕ್ಕೆ ಎರಡು ಉದಾಹರಣೆ ಕೊಡುತ್ತೇವೆ.

ಮೊದಲನೆಯದು ಮಳೆ ಅಳೆಯುವ ಡಬ್ಬ. ಬಾಯಿಯಿಂದ ತಳದವರೆಗೆ ಒಂದೇ ಅಗಲವಿರುವ, ಗೋಡೆ ನೇರವಾಗಿರುವ ಯಾವ ಡಬ್ಬವಾದರೂ ಆದೀತು. ಮರ ಮತ್ತು ಮನೆಯಿಂದ ದೂರ, ಬಯಲಿನಲ್ಲಿ ನೆಟ್ಟಗೆ ಇಡಿ. ಗಾಳಿಗೆ ಉರುಳದಂತೆ ಮೂರು ಗೂಟಗಳ ನಡುವೆ ಸಿಕ್ಕಿಸಿ. ದಿನಾ ಬೆಳಿಗ್ಗೆ 8-30ಕ್ಕೆ ಅಳತೆಪಟ್ಟಿ ಇಳಿಸಿ ನೀರಿನ ಎತ್ತರವನ್ನು ಮಿಲಿಮೀಟರಿನಲ್ಲಿ ಬರೆದುಕೊಂಡು ನೀರು ಚೆಲ್ಲಿ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ಎಕರೆಗೆ ಸುಮಾರು 4,047 ಚದರ ಮೀಟರ್ ಆದ್ದರಿಂದ 25 ಮಿಲಿಮೀಟರ್ ಮಳೆ ಬಿದ್ದರೆ ಒಂದು ಎಕರೆಗೆ ಒಂದು ಲಕ್ಷ ಲೀಟರಿಗೂ ಸ್ವಲ್ಪ ಹೆಚ್ಚು ನೀರು ಬಿದ್ದಂತಾಯಿತು. ಒಂದೇ ಊರಿನ ನಾಲ್ಕು ಮೂಲೆಯಲ್ಲಿ ನಾಲ್ಕು ಮನೆಯವರು ಇಂಥ ಡಬ್ಬ ಇಟ್ಟು ವಾರಕ್ಕೊಮ್ಮೆ ಅಂಕಿ ಹೋಲಿಸಿದರೆ, ಯಾರ ಹೊಲ ಬಿತ್ತನೆಗೆ ಹದವಾಗಿದೆ, ಯಾರದು ಆಗಿಲ್ಲ ಎಂಬುದು ಊಹೆಯ ಮಾತಾಗಿ ಉಳಿಯುವುದಿಲ್ಲ.

ಎರಡನೆಯದು ಪಂಪಿನ ನೀರಿನ ಅಳತೆ. 200 ಲೀಟರ್ ಹಿಡಿಯುವ ಡ್ರಮ್ಮನ್ನು ಪೈಪಿನ ಬಾಯಿಗೆ ಇಟ್ಟು, ತುಂಬಲು ಎಷ್ಟು ಸೆಕೆಂಡು ಬೇಕಾಯಿತೆಂದು ಗಡಿಯಾರದಲ್ಲಿ ನೋಡಿ. 50 ಸೆಕೆಂಡಾದರೆ ಸೆಕೆಂಡಿಗೆ 4 ಲೀಟರ್, ಗಂಟೆಗೆ 14,400 ಲೀಟರ್. ಇದನ್ನು ಪ್ರತಿ ತಿಂಗಳ ಮೊದಲ ದಿನ ಗೋಡೆಯ ಮೇಲೆ ಬರೆಯುತ್ತಾ ಬಂದರೆ ಬೇಸಿಗೆಯಲ್ಲಿ ಕೊಳವೆಬಾವಿ ಯಾವ ತಿಂಗಳಿನಿಂದ ಇಳಿಯತೊಡಗಿತು ಎಂಬುದು ಕಣ್ಣಿಗೆ ಕಾಣುತ್ತದೆ. ಈ ಅಂಕಿಗಳನ್ನು ನೆರೆಯ ಕೊಳವೆಬಾವಿಯವರ ಅಂಕಿಗಳ ಜೊತೆಗಿಟ್ಟು ನೋಡಿದರೆ, ಬರುವ ವರ್ಷ ಎಷ್ಟು ಎಕರೆಗೆ ನೀರಾವರಿ ಬೆಳೆ ಇಡಬಹುದೆಂದು ಇಬ್ಬರೂ ಕೂಡಿ ತೀರ್ಮಾನಿಸಬಹುದು.

ಈ ಎರಡರಲ್ಲೂ ಹೊಸ ಯಂತ್ರವೇನೂ ಇಲ್ಲ. ಆದರೂ ಇವನ್ನು ಹಂಚಿಕೊಂಡರೆ ಲಾಭವುಂಟು.

ನಮ್ಮ ನಾಡಿನಲ್ಲಿ ನಡೆದುಬಂದ ದಾರಿ

ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರ ಹೆಸರನ್ನು ಓದುಗರು ಕೇಳಿರಬಹುದು. ಅವರ ಮೊದಲನೆಯ ಸಾಧನ ಬೇಸಾಯದ್ದಲ್ಲ. ಬೆಳಿಗ್ಗೆ ಬೇಗ ಏಳಲು ಆಗುತ್ತಿರಲಿಲ್ಲವೆಂದು, ಗಡಿಯಾರದ ಕೀಲಿ ಬಿಚ್ಚಿಕೊಳ್ಳುವಾಗ ದಾರ ಸುತ್ತಿಕೊಂಡು ನೀರಿನ ಬಾಟಲಿ ವಾಲಿ ಮುಖದ ಮೇಲೆ ನೀರು ಸುರಿಯುವಂತೆ ಅವರು ಮಾಡಿಕೊಂಡಿದ್ದರು. ಕೇಳಿದವರು ನಗುವಂಥ ಉಪಾಯ ಅದು. ಅದೇ ಕೈಯಿಂದ ಮುಂದೆ ಹುಣಸೆಹಣ್ಣಿನ ಬೀಜ ಬೇರ್ಪಡಿಸುವ ಸಾಧನ, ಬೀಜವನ್ನೂ ಗೊಬ್ಬರವನ್ನೂ ಒಟ್ಟಿಗೆ ಬಿತ್ತುವ ಕೂರಿಗೆ ಮುಂತಾದವು ಹೊರಬಂದವು. 2022ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಸಣ್ಣದೆಂದು ಯಾವುದನ್ನೂ ತಳ್ಳಿಹಾಕಬಾರದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಸಾಧನ ಮಾಡುವುದು ಒಂದು, ಅದನ್ನು ಬರೆದು ಹಂಚುವುದು ಇನ್ನೊಂದು. 1988ರಲ್ಲಿ ದಕ್ಷಿಣ ಕನ್ನಡದ ಪುತ್ತೂರಿನಿಂದ ಆರಂಭವಾದ 'ಅಡಿಕೆ ಪತ್ರಿಕೆ' ಈ ಎರಡನೆಯ ಕೆಲಸವನ್ನು ಕೈಗೆತ್ತಿಕೊಂಡಿತು. ಕೃಷಿಕರ ಕೈಗೆ ಲೇಖನಿ ಕೊಡಬೇಕೆಂಬುದು ಅದರ ಧೋರಣೆ. ತೋಟದಲ್ಲಿ ಕಂಡದ್ದನ್ನು ತೋಟದವರೇ ಬರೆಯಬೇಕು, ಓದಿದವರು ಮಾಡಿ ನೋಡಿ ಮತ್ತೆ ಬರೆಯಬೇಕು ಎಂಬ ಪದ್ಧತಿ ಅಲ್ಲಿ ಬೆಳೆಯಿತು.

ಅದೇ 1980ರ ದಶಕದ ಕೊನೆಯಲ್ಲಿ ಅಹಮದಾಬಾದಿನ ಪ್ರಾಧ್ಯಾಪಕ ಅನಿಲ್ ಗುಪ್ತ ಅವರು 'ಹನಿ ಬೀ' ಎಂಬ ಜಾಲವನ್ನು ಆರಂಭಿಸಿದರು. ಜೇನುನೊಣ ಹೂವಿನಿಂದ ಮಕರಂದ ತೆಗೆದರೂ ಹೂವು ಬಡವಾಗುವುದಿಲ್ಲ. ಒಂದು ಹೂವಿನ ಪರಾಗ ಇನ್ನೊಂದಕ್ಕೆ ಮುಟ್ಟುವುದರಿಂದ ಕಾಯಿ ಕಚ್ಚುತ್ತದೆ. ರೈತರ ಜ್ಞಾನವನ್ನೂ ಹೀಗೇ ಸಂಗ್ರಹಿಸಬೇಕು, ಯಾರಿಂದ ತಿಳಿಯಿತೋ ಅವರ ಹೆಸರು ಹೇಳಬೇಕು, ಅವರ ಭಾಷೆಯಲ್ಲೇ ಅದನ್ನು ಅವರಿಗೆ ಹಿಂತಿರುಗಿಸಬೇಕು ಎಂಬುದು ಆ ಹೆಸರಿನ ಅರ್ಥ. ಅದರ ಪತ್ರಿಕೆಯ ಕನ್ನಡ ರೂಪ 'ಹಿತ್ತಲಗಿಡ' ಎಂಬ ಹೆಸರಿನಲ್ಲಿ ಹೊರಬಂದಿತು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಅದು ತಲೆಕೆಳಗು ಮಾಡಿ ತೋರಿಸಿತು.

ಹೇಳುವ ಮೊದಲು ಮಾಡಬೇಕಾದ ಕೆಲಸ

ಒಂದು ಸಲ ಚೆನ್ನಾಗಿ ಬಂದ ಕೂಡಲೇ ಸಂತೆಯಲ್ಲಿ ಸಾರಬೇಡಿ. ಮೊದಲು ಈ ಮೂರು ವಿಷಯಗಳನ್ನು ಮನೆಯಲ್ಲೇ ಖಚಿತಪಡಿಸಿಕೊಳ್ಳಿ.

1. ಹೋಲಿಕೆ: ಹೊಸ ವಿಧಾನವನ್ನು ಇಡೀ ಹೊಲಕ್ಕೆ ಮಾಡಿದರೆ ಅದರಿಂದಲೇ ಗುಣ ಕಂಡಿತೋ, ಒಳ್ಳೆಯ ಮಳೆಯಿಂದ ಕಂಡಿತೋ ಹೇಳಲಾಗದು. ಆದ್ದರಿಂದ ಒಂದು ಪಟ್ಟಿಗೆ ಮಾಡಿ, ಪಕ್ಕದ ಪಟ್ಟಿಯನ್ನು ಹಳೆಯ ರೀತಿಯಲ್ಲೇ ಬಿಡಿ. ಎರಡಕ್ಕೂ ಬೀಜ, ಗೊಬ್ಬರ, ಬಿತ್ತಿದ ದಿನ ಒಂದೇ ಇರಲಿ. ಇಂಥ ಜೋಡಿ ಪಟ್ಟಿಗಳನ್ನು ಹೊಲದ ಎರಡು ಮೂರು ಕಡೆ ಮಾಡಿದರೆ ಇನ್ನೂ ಒಳ್ಳೆಯದು. ಏಕೆಂದರೆ ಒಂದೇ ಹೊಲದ ಮಣ್ಣು ಎಲ್ಲ ಕಡೆ ಒಂದೇ ತೆರನಾಗಿರುವುದಿಲ್ಲ.

2. ಅಳತೆ: "ಬೇಗ ಆಗುತ್ತದೆ" ಎಂಬುದಕ್ಕೆ ಬದಲಾಗಿ, ಒಂದು ಗಂಟೆಯಲ್ಲಿ ಎಷ್ಟು ಸಾಲು, ಎಷ್ಟು ಗಿಡ, ಎಷ್ಟು ಕಿಲೋ ಎಂದು ಎಣಿಸಿ. ಬೀಜ ಚೆನ್ನಾಗಿದೆ ಎನ್ನುವುದರ ಬದಲು, ಒದ್ದೆ ಗೋಣಿತಾಟಿನ ಮೇಲೆ ಹತ್ತರಂತೆ ಹತ್ತು ಸಾಲು, ಒಟ್ಟು 100 ಬೀಜ ಇಟ್ಟು, ಸುರುಳಿ ಸುತ್ತಿ, ತೇವ ಆರದಂತೆ ನೋಡಿಕೊಂಡು, ಮೊಳೆತವನ್ನು ಎಣಿಸಿ. ಎಣಿಸಿದ ಸಂಖ್ಯೆಯೇ ನೂರಕ್ಕೆ ಇಷ್ಟು ಎಂಬ ಲೆಕ್ಕ.

3. ಮರುಪ್ರಯೋಗ: ನಿಮ್ಮ ಸಾಧನವನ್ನು ನೀವಲ್ಲದೆ ಇನ್ನೊಬ್ಬರು ಬಳಸಿ ನೋಡಬೇಕು. ಮಾಡಿದವರ ಕೈಗೆ ಒಗ್ಗಿದ ಹಿಡಿ ಬೇರೆಯವರಿಗೆ ಉದ್ದವಾಗಬಹುದು. ಕಳೆ ತೆಗೆಯುವ ಸಾಧನವಾದರೆ ಆ ಕೆಲಸವನ್ನು ಹೆಚ್ಚಾಗಿ ಮಾಡುವ ಹೆಣ್ಣುಮಕ್ಕಳ ಕೈಗೆ ಕೊಟ್ಟು ಅರ್ಧ ದಿನ ಕೆಲಸ ಮಾಡಿಸಿ, ಭುಜ, ಸೊಂಟ, ಅಂಗೈ ಎಲ್ಲಿ ನೋಯುತ್ತದೆ ಎಂದು ಕೇಳಿ. ಅವರು ಹೇಳಿದ್ದನ್ನು ಹಾಗೆಯೇ ಬರೆದುಕೊಳ್ಳಿ.

ಒಂದು ಉದಾಹರಣೆ: ಮೂರು ಕೋಲಿನ ಮಟ್ಟದ ಚೌಕಟ್ಟು

ಹೇಳುವ ರೀತಿಯಲ್ಲಿ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದನ್ನು ಒಂದು ಸರಳ ಸಾಧನದಿಂದ ನೋಡೋಣ. ಇಳಿಜಾರು ಹೊಲದಲ್ಲಿ ಮಣ್ಣು ಕೊಚ್ಚಿಹೋಗದಿರಬೇಕಾದರೆ ಇಳಿಜಾರಿಗೆ ಅಡ್ಡವಾಗಿ, ಒಂದೇ ಮಟ್ಟದಲ್ಲಿ ಗೆರೆ ಹಾಕಿ ಉಳಬೇಕು, ಬಿತ್ತಬೇಕು, ಇಲ್ಲವೆ ಲಾವಂಚದಂಥ ಹುಲ್ಲಿನ ಸಾಲು ನೆಡಬೇಕು. ಇದನ್ನು ಸಮಪಾತಳಿ ಗೆರೆ ಎನ್ನುತ್ತಾರೆ. ಈ ಗೆರೆ ಗುರುತಿಸಲು ಇಂಗ್ಲಿಷಿನ 'ಎ' ಅಕ್ಷರದ ಆಕಾರದಲ್ಲಿ ಮೂರು ಕೋಲು ಕಟ್ಟಿದ ಚೌಕಟ್ಟು ಸಾಕು. ಅನೇಕ ದೇಶಗಳ ಗುಡ್ಡಗಾಡಿನ ರೈತರು ಇದನ್ನು ಬಳಸುತ್ತಾರೆ.

ಇದನ್ನು ಮಾಡಿ ನೋಡಿದ ಒಬ್ಬರು ಹೀಗೆ ಹೇಳಿದರೆಂದು ಇಟ್ಟುಕೊಳ್ಳಿ: "ಮೂರು ಕೋಲು ಕಟ್ಟಿ, ಮೇಲಿನಿಂದ ದಾರಕ್ಕೆ ಕಲ್ಲು ಇಳಿಬಿಡಿ. ದಾರ ಅಡ್ಡಕೋಲಿನ ನಡುವೆ ಬಂದಾಗ ಎರಡು ಪಾದಗಳೂ ಒಂದೇ ಮಟ್ಟದಲ್ಲಿ ಇರುತ್ತವೆ. ಹೀಗೇ ಮುಂದೆ ಹೋಗಿ. ಬಹಳ ಚೆನ್ನಾಗಿದೆ."

ಕೇಳಲು ಸುಲಭವಾಗಿದೆ. ಆದರೆ ಕೇಳಿದವರು ಅಡ್ಡಕೋಲಿನ ನಡುಭಾಗವನ್ನು ಕಣ್ಣಳತೆಯಲ್ಲಿ ಗುರುತು ಮಾಡಿದರೆ ಏನಾಗುತ್ತದೆ? ಒಂದು ಕೋಲು ಸ್ವಲ್ಪ ಉದ್ದವಿದ್ದರೆ, ಅಥವಾ ಅಡ್ಡಕೋಲು ಓರೆಯಾಗಿ ಕಟ್ಟಿದ್ದರೆ, ನಡುಭಾಗವೇ ಮಟ್ಟದ ಗುರುತಾಗಿರುವುದಿಲ್ಲ. ಪಾದಗಳ ನಡುವೆ 6 ಅಡಿ ಅಂತರವಿರುವ ಚೌಕಟ್ಟಿನಲ್ಲಿ ಗುರುತು ಒಂದು ಅಂಗುಲದ ಮೂರನೆಯ ಒಂದು ಭಾಗದಷ್ಟು ತಪ್ಪಿದರೆ, ಒಂದೊಂದು ಹೆಜ್ಜೆಗೂ ಗೆರೆ ಅರ್ಧ ಅಂಗುಲದಷ್ಟು ಇಳಿಯುತ್ತದೆ. ಚೌಕಟ್ಟನ್ನು ತಿರುಗಿಸದೆ ಎತ್ತಿ ಎತ್ತಿ ಮುಂದಿಡುತ್ತಾ ಹೋದರೆ 40 ಹೆಜ್ಜೆಯಲ್ಲಿ, ಅಂದರೆ 240 ಅಡಿ ಉದ್ದದ ಗೆರೆಯಲ್ಲಿ, ಸುಮಾರು ಒಂದೂವರೆ ಅಡಿ ಇಳಿತ ಉಂಟಾಗುತ್ತದೆ. ಆ ಗೆರೆಯ ಮೇಲೆ ಬದು ಹಾಕಿದರೆ ಮಳೆನೀರು ಬದುವಿನಗುಂಟ ಹರಿದು ಕೊನೆಯಲ್ಲಿ ಮಡುಗಟ್ಟಿ, ಅಲ್ಲಿ ಬದು ಒಡೆದು, ಕೆಳಗಿನ ಹೊಲದವರ ಮೇಲ್ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ. ಸಾಧನ ಒಳ್ಳೆಯದೇ, ಹೇಳಿದವರ ಮನಸ್ಸೂ ಒಳ್ಳೆಯದೇ. ನಷ್ಟವಾದದ್ದು ಬಿಟ್ಟುಹೋದ ಎರಡು ಮಾತಿನಿಂದ.

ಅದೇ ಸಾಧನವನ್ನು ಹೀಗೆ ತಿಳಿಸಬೇಕು:

ಬೇಕಾಗುವ ಸಾಮಾನು: 7¼ ಅಡಿ ಉದ್ದದ ನೆಟ್ಟನೆಯ ಬಿದಿರಿನ ಅಥವಾ ಸರ್ವೆಯ ಕೋಲು ಎರಡು, 4½ ಅಡಿಯ ಕೋಲು ಒಂದು, ಕಟ್ಟಲು ಹಗ್ಗ, ಒಂದೂವರೆ ಮಾರು ತೆಳುವಾದ ದಾರ, ಮುಷ್ಟಿಗಾತ್ರದ ಕಲ್ಲು ಅಥವಾ ಗಾರೆ ಕೆಲಸದವರ ತೂಗುಗುಂಡು, ಗುರುತಿಗೆ ಗೂಟಗಳು.

ಕಟ್ಟುವ ವಿಧಾನ: ಉದ್ದದ ಎರಡು ಕೋಲುಗಳ ಮೇಲೆ ಪಾದದಿಂದ 7 ಅಡಿಗೆ ಗುರುತು ಮಾಡಿ, ಆ ಗುರುತಿನಲ್ಲಿ ಎರಡನ್ನೂ ಸೇರಿಸಿ ಬಿಗಿಯಾಗಿ ಕಟ್ಟಿ. ಪಾದಗಳನ್ನು 6 ಅಡಿ ಅಗಲಿಸಿ. ಎರಡು ಕೋಲಿಗೂ ಪಾದದಿಂದ 2¼ ಅಡಿ ಮೇಲೆ ಅಡ್ಡಕೋಲನ್ನು ಅಲುಗಾಡದಂತೆ ಕಟ್ಟಿ. ಮೇಲಿನ ಗಂಟಿನಿಂದ ದಾರ ಇಳಿಬಿಟ್ಟು, ಅಡ್ಡಕೋಲಿನಿಂದ ಸುಮಾರು ಅರ್ಧ ಅಡಿ ಕೆಳಗೆ ಕಲ್ಲು ತೂಗುವಂತೆ ಕಟ್ಟಿ. ದಾರ ಅಡ್ಡಕೋಲಿಗೆ ತಾಗಿಯೂ ತಾಗದಂತೆ ಹಾದುಹೋಗಬೇಕು.

ಮಟ್ಟದ ಗುರುತು ಮಾಡುವುದು: ಇದೇ ಮುಖ್ಯವಾದ ಹಂತ. ಚೌಕಟ್ಟನ್ನು ಗಟ್ಟಿ ನೆಲದ ಮೇಲೆ ನಿಲ್ಲಿಸಿ. ನೆಲ ಸಮವಾಗಿಯೇ ಇರಬೇಕೆಂದಿಲ್ಲ. ಎರಡು ಪಾದಗಳಿರುವ ಜಾಗಕ್ಕೂ ಗುರುತು ಹಾಕಿ. ಕಲ್ಲು ನಿಂತ ಮೇಲೆ ದಾರ ಹಾದ ಜಾಗಕ್ಕೆ ಅಡ್ಡಕೋಲಿನ ಮೇಲೆ ಒಂದು ಗೆರೆ ಎಳೆಯಿರಿ. ಈಗ ಚೌಕಟ್ಟನ್ನು ತಿರುಗಿಸಿ, ಎಡಪಾದವಿದ್ದ ಜಾಗಕ್ಕೆ ಬಲಪಾದ, ಬಲಪಾದವಿದ್ದ ಜಾಗಕ್ಕೆ ಎಡಪಾದ ಬರುವಂತೆ ಇಡಿ. ದಾರ ಹಾದ ಜಾಗಕ್ಕೆ ಇನ್ನೊಂದು ಗೆರೆ ಎಳೆಯಿರಿ. ಎರಡು ಗೆರೆಗಳ ನಟ್ಟನಡುವೆ ಹಾಕುವ ಮೂರನೆಯ ಗೆರೆಯೇ ಮಟ್ಟದ ಗುರುತು. ಮೊದಲಿನ ಎರಡು ಗೆರೆಗಳು ಒಂದೇ ಕಡೆ ಬಿದ್ದರೆ ಆ ನೆಲವೇ ಸಮವಾಗಿದೆ ಎಂದು ತಿಳಿಯಬೇಕು.

ಬಳಸುವ ವಿಧಾನ: ಹೊಲದ ಅಂಚಿನ ಗೂಟದ ಬಳಿ ಒಂದು ಪಾದ ಊರಿ. ಇನ್ನೊಂದು ಪಾದವನ್ನು ಇಳಿಜಾರಿನ ಮೇಲಕ್ಕೂ ಕೆಳಕ್ಕೂ ಸರಿಸಿ, ದಾರ ಮೂರನೆಯ ಗೆರೆಗೆ ಬಂದಲ್ಲಿ ನಿಲ್ಲಿಸಿ ಗೂಟ ಹೊಡೆಯಿರಿ. ಅನಂತರ ಮುಂದಿನ ಪಾದವನ್ನು ಅಲ್ಲೇ ಊರಿಟ್ಟು, ಹಿಂದಿನ ಪಾದವನ್ನು ಸುತ್ತಿಸಿ ಮುಂದೆ ತನ್ನಿ. ಹೀಗೆ ಪಾದಗಳು ಒಂದಾದ ಮೇಲೊಂದು ಮುಂದೆ ಬಂದರೆ ಗುರುತಿನಲ್ಲಿ ಉಳಿದ ಸ್ವಲ್ಪ ವ್ಯತ್ಯಾಸವೂ ಒಂದು ಹೆಜ್ಜೆಯಲ್ಲಿ ಕೂಡಿ ಮುಂದಿನ ಹೆಜ್ಜೆಯಲ್ಲಿ ಕಳೆದುಹೋಗುತ್ತದೆ. ಗೆರೆ ಮುಗಿದ ಮೇಲೆ ದೂರ ನಿಂತು ನೋಡಿ, ತೀರ ಸೊಟ್ಟಗೆ ಕಾಣುವ ಒಂದೆರಡು ಗೂಟಗಳನ್ನು ಮಾತ್ರ ಸ್ವಲ್ಪ ಸರಿಸಿ ಗೆರೆಯನ್ನು ನಯಗೊಳಿಸಿ.

ಎಲ್ಲಿ ನಡೆಯುವುದಿಲ್ಲ: ಗಾಳಿ ಬೀಸುವಾಗ ದಾರ ನಿಲ್ಲುವುದಿಲ್ಲ. ಬೆಳಗಿನ ಹೊತ್ತು ಮಾಡುವುದು ಒಳ್ಳೆಯದು. ಹೆಂಟೆ ಎದ್ದ ಹೊಲದಲ್ಲಿ ಪಾದ ಒಮ್ಮೆ ಹೆಂಟೆಯ ಮೇಲೆ, ಒಮ್ಮೆ ಗುಂಡಿಯಲ್ಲಿ ಕೂಡುವುದರಿಂದ ತಪ್ಪು ಬರುತ್ತದೆ. ಕಟ್ಟು ಸಡಿಲವಾದರೆ ಅಥವಾ ಚೌಕಟ್ಟು ಕೆಳಗೆ ಬಿದ್ದರೆ ಮಟ್ಟದ ಗುರುತನ್ನು ಹೊಸದಾಗಿ ಮಾಡಬೇಕು. ದೊಡ್ಡ ಬದು, ಕೋಡಿ, ಕೆರೆ ಏರಿಯಂಥ ಕೆಲಸಕ್ಕೆ ಇದನ್ನು ನಂಬದೆ ಇಲಾಖೆಯವರಿಂದ ಮಟ್ಟ ನೋಡಿಸಬೇಕು.

ಎರಡು ರೀತಿಯ ಹೇಳಿಕೆಗಳನ್ನೂ ಇನ್ನೊಮ್ಮೆ ಓದಿ. ಎರಡನೆಯದರಲ್ಲಿ ಜಾಣತನ ಹೆಚ್ಚಿಲ್ಲ, ಅಳತೆ ಹೆಚ್ಚಿದೆ. ಸಾಮಾನು, ವಿಧಾನ, ತಪ್ಪು ಬರುವ ಜಾಗ, ನಡೆಯದ ಜಾಗ ಎಂಬ ನಾಲ್ಕೂ ಅದರಲ್ಲಿವೆ. ಮಾಡಿದವರಿಗೆ ಈ ಸಂಗತಿಗಳು ಎಷ್ಟು ರೂಢಿಯಾಗಿರುತ್ತವೆ ಎಂದರೆ ಅವು ಹೇಳಬೇಕಾದವು ಎಂದೇ ಅವರಿಗೆ ತೋರುವುದಿಲ್ಲ. ಬಿಟ್ಟುಹೋಗುವುದು ಯಾವಾಗಲೂ ಇಂಥ ಸಂಗತಿಗಳೇ.

ಬತ್ತದ ಬೀಜದ ಜೊಳ್ಳು ತೆಗೆಯುವ ವಿಷಯವೂ ಹೀಗೆಯೇ. "ಉಪ್ಪುನೀರಿಗೆ ಹಾಕಿ" ಎಂದಷ್ಟೇ ಹೇಳಿದರೆ ಕೇಳಿದವರು ಒಂದು ಹಿಡಿ ಉಪ್ಪು ಹಾಕಿ ಸುಮ್ಮನಾಗಬಹುದು, ಜೊಳ್ಳು ತೇಲುವುದಿಲ್ಲ. ತಾಜಾ ಕೋಳಿಮೊಟ್ಟೆ ತೇಲಿ, ಅದರ ಮೇಲ್ಭಾಗ ನಾಣ್ಯದಗಲ ಕಾಣುವವರೆಗೆ ಉಪ್ಪು ಕರಗಿಸಬೇಕು ಎಂದರೆ ತಕ್ಕಡಿ ಇಲ್ಲದಿದ್ದರೂ ಅಳತೆ ಸಿಕ್ಕಿತು. ಮುಳುಗಿದ ಗಟ್ಟಿ ಬೀಜವನ್ನು ಒಳ್ಳೆಯ ನೀರಿನಲ್ಲಿ ಎರಡು ಮೂರು ಸಲ ತೊಳೆಯಬೇಕು ಎಂಬ ಮಾತು ಬಿಟ್ಟುಹೋದರೆ, ಅಂಟಿದ ಉಪ್ಪಿನಿಂದ ಮೊಳಕೆಯೇ ಕೆಡುತ್ತದೆ.

ಎಲ್ಲಿ, ಹೇಗೆ ತಿಳಿಸಬೇಕು?

ಎಲ್ಲಕ್ಕಿಂತ ಒಳ್ಳೆಯ ಜಾಗ ನಿಮ್ಮ ಹೊಲವೇ. ಕೆಲಸ ನಡೆಯುವ ದಿನ ನಾಲ್ಕಾರು ಜನರನ್ನು ಕರೆದು ಸಾಧನವನ್ನು ಅವರ ಕೈಗೇ ಕೊಡಿ. ಕಣ್ಣಿಂದ ನೋಡಿದ್ದಕ್ಕಿಂತ ಕೈಯಿಂದ ಮಾಡಿದ್ದು ಹೆಚ್ಚು ದಿನ ನೆನಪಿರುತ್ತದೆ. ಹೋಲಿಕೆಗಾಗಿ ಹಳೆಯ ರೀತಿಯಲ್ಲಿ ಬಿಟ್ಟ ಪಟ್ಟಿಯನ್ನೂ ತೋರಿಸಿ.

ಊರಿನಾಚೆಗೆ ತಿಳಿಸಲು ಹೋಬಳಿಯ ರೈತ ಸಂಪರ್ಕ ಕೇಂದ್ರ, ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ, ಕೃಷಿ ವಿಶ್ವವಿದ್ಯಾನಿಲಯಗಳು ನಡೆಸುವ ಕೃಷಿ ಮೇಳ, ಆಕಾಶವಾಣಿಯ ಕೃಷಿ ಕಾರ್ಯಕ್ರಮ, ಕೃಷಿ ಪತ್ರಿಕೆಗಳು ಇವೆ. ದೇಶದ ಮೊದಲನೆಯ ಕೃಷಿ ವಿಜ್ಞಾನ ಕೇಂದ್ರ 1974ರಲ್ಲಿ ಪುದುಚೇರಿಯಲ್ಲಿ ಆರಂಭವಾದಾಗಿನಿಂದ ಮಾಡಿ ಕಲಿಯುವುದೇ ಈ ಕೇಂದ್ರಗಳ ಪದ್ಧತಿ. ಅಲ್ಲಿಯ ವಿಜ್ಞಾನಿಗಳು ನಿಮ್ಮ ಸಾಧನವನ್ನು ಪರೀಕ್ಷಿಸಿ ತಿದ್ದಲು ನೆರವಾಗಬಲ್ಲರು.

ಬರೆದು ಕಳುಹಿಸುವುದಾದರೆ ಒಂದು ಹಾಳೆ ಸಾಕು. ಭಾಷೆ ಚೆನ್ನಾಗಿಲ್ಲವೆಂದು ಹಿಂಜರಿಯಬೇಡಿ. ಈ ಕ್ರಮದಲ್ಲಿ ಬರೆಯಿರಿ:

1. ಯಾವ ಕಷ್ಟಕ್ಕಾಗಿ ಮಾಡಿದಿರಿ?
2. ಯಾವ ಸಾಮಾನು, ಯಾವ ಅಳತೆ, ಎಷ್ಟು ಖರ್ಚು? ಹಳೆಯ ಸಾಮಾನು ಬಳಸಿದ್ದರೆ ಅದನ್ನು ಹೊಸದಾಗಿ ಕೊಳ್ಳಲು ಎಷ್ಟಾಗುತ್ತದೆ?
3. ಒಂದರ ನಂತರ ಒಂದರಂತೆ ಮಾಡುವ ವಿಧಾನ ಏನು?
4. ಮೊದಲು ಎಷ್ಟಾಗುತ್ತಿತ್ತು, ಈಗ ಎಷ್ಟಾಗುತ್ತದೆ?
5. ಯಾವ ಮಣ್ಣಿನಲ್ಲಿ, ಯಾವ ಬೆಳೆಯಲ್ಲಿ, ಎಷ್ಟು ದಿನ ಬಳಸಿದ್ದೀರಿ?
6. ಎಲ್ಲಿ ನಡೆಯುವುದಿಲ್ಲ, ಏನು ಮುರಿಯಿತು, ಏನು ಬದಲಾಯಿಸಿದಿರಿ?
7. ಯಾರಿಂದ ಕಲಿತಿರಿ?

ಫೋನಿನಲ್ಲಿ ಚಿತ್ರ ತೆಗೆಯುವವರು ಸಾಧನದ ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು ತೆಗೆಯಿರಿ. ಮುಂದಿನಿಂದ ಒಂದು, ಪಕ್ಕದಿಂದ ಒಂದು, ಕೀಲು ಕೂಡುವ ಜಾಗದ್ದು ಒಂದು, ಹೀಗೆ ಮೂರು ಚಿತ್ರ ಇದ್ದರೆ ಕಮ್ಮಾರರೋ ಬಡಗಿಯೋ ನೋಡಿ ಮಾಡಬಲ್ಲರು. ಸಾಧನ ಹಿಡಿದು ನಿಂತವರ ಮುಖವಷ್ಟೇ ಕಾಣುವ ಚಿತ್ರದಿಂದ ಕಮ್ಮಾರರಿಗೆ ಉಪಯೋಗವಿಲ್ಲ.

ಎಚ್ಚರಿಕೆಗಳು

ತಿರುಗುವ ಭಾಗ, ಹರಿತವಾದ ಅಲಗು, ವಿದ್ಯುತ್ತು, ವಿಷ, ಈ ನಾಲ್ಕರಲ್ಲಿ ಯಾವುದಾದರೂ ಇರುವ ಸಾಧನವನ್ನು ಪರೀಕ್ಷೆ ಮಾಡಿಸದೆ ಇತರರಿಗೆ ಹೇಳಬಾರದು. ಟ್ರ್ಯಾಕ್ಟರಿನ ಹಿಂದಿನ ತಿರುಗುವ ದಂಡಕ್ಕೆ ಅಥವಾ ಮೋಟಾರಿನ ಪಟ್ಟಿಗೆ ಮುಚ್ಚಳವಿಲ್ಲದ ಯಂತ್ರದಲ್ಲಿ ಪಂಚೆಯ ಅಂಚು, ಸೀರೆಯ ಸೆರಗು ಸಿಕ್ಕಿದರೆ ಬಿಡಿಸಿಕೊಳ್ಳಲು ಅವಕಾಶವೇ ಇರುವುದಿಲ್ಲ. ಮಾಡಿದವರಿಗೆ ಎಲ್ಲಿ ಕೈ ಇಡಬಾರದೆಂದು ಗೊತ್ತಿರುತ್ತದೆ, ನೋಡಿ ಮಾಡಿಕೊಂಡವರಿಗೆ ಗೊತ್ತಿರುವುದಿಲ್ಲ. ಕಾಡುಹಂದಿ ತಡೆಯಲು ಬೇಲಿಗೆ ಮನೆಯ ವಿದ್ಯುತ್ತನ್ನು ನೇರವಾಗಿ ಹಾಯಿಸುವುದು ಉಪಾಯವಲ್ಲ, ಅಪರಾಧ. ಅದು ಮನುಷ್ಯರನ್ನೂ ದನಗಳನ್ನೂ ಕೊಲ್ಲುತ್ತದೆ. ಹಾಗೆಯೇ ಕೀಟನಾಶಕಗಳನ್ನು ಬೆರೆಸುವ ಹೊಸ ಪ್ರಮಾಣಗಳನ್ನು ಬಾಯಿಂದ ಬಾಯಿಗೆ ಹಬ್ಬಿಸಬೇಡಿ.

ಇನ್ನೊಂದು ಎಚ್ಚರಿಕೆ ಹಕ್ಕಿಗೆ ಸಂಬಂಧಿಸಿದ್ದು. 1970ರ ಪೇಟೆಂಟ್ ಕಾಯಿದೆಯ ಪ್ರಕಾರ ಬೇಸಾಯದ ಅಥವಾ ತೋಟಗಾರಿಕೆಯ ವಿಧಾನಕ್ಕೆ ಪೇಟೆಂಟ್ ಸಿಗುವುದಿಲ್ಲ. ಹೊಸ ಯಂತ್ರಕ್ಕೆ ಸಿಗಬಹುದು. ಆದರೆ ಅರ್ಜಿ ಹಾಕುವ ಮೊದಲೇ ಅದರ ವಿವರ ಅಚ್ಚಾಗಿದ್ದರೆ, ಹೊಸದೆಂಬ ಹಕ್ಕು ಸಾಮಾನ್ಯವಾಗಿ ಕಳೆದುಹೋಗುತ್ತದೆ. ಆದ್ದರಿಂದ ಯಂತ್ರವನ್ನು ಮಾಡಿ ಮಾರುವ ಉದ್ದೇಶ ನಿಮಗಿದ್ದರೆ ಪತ್ರಿಕೆಗೆ ಬರೆಯುವ ಮೊದಲು ಸಲಹೆ ಪಡೆಯಿರಿ. 2000ದಲ್ಲಿ ಸ್ಥಾಪನೆಯಾದ, ಗುಜರಾತಿನಲ್ಲಿರುವ ನ್ಯಾಷನಲ್ ಇನ್ನೋವೇಷನ್ ಫೌಂಡೇಷನ್ ಎಂಬ ಸಂಸ್ಥೆ ಶಾಲೆ ಕಲಿಯದ ಜನಸಾಮಾನ್ಯರ ಆವಿಷ್ಕಾರಗಳಿಗೂ ಇಂಥ ನೆರವು ನೀಡುತ್ತದೆ. ಮಾರುವ ಯೋಚನೆ ಇಲ್ಲದಿದ್ದರೆ, ಧಾರಾಳವಾಗಿ ಹೇಳಿ.

ಕೇಳುವವರ ಹೊಣೆ

ಹೇಳುವವರಿಗೆ ಮಾತ್ರವಲ್ಲ, ಕೇಳುವವರಿಗೂ ಹೊಣೆಯುಂಟು. "ಇದೇನು ಹೊಸದಲ್ಲ, ನಮ್ಮಜ್ಜ ಮಾಡುತ್ತಿದ್ದರು" ಎಂದು ಒಬ್ಬರು ಕಟ್ಟೆಯ ಮೇಲೆ ಕುಳಿತು ಹೇಳಿದರೆ ಸಾಕು, ಹೇಳಲು ಬಂದವರು ಮತ್ತೆ ಬಾಯಿ ಬಿಡುವುದಿಲ್ಲ. ಅಜ್ಜ ಮಾಡುತ್ತಿದ್ದರೆ ಬಹಳ ಒಳ್ಳೆಯದಾಯಿತು, ಅವರು ಹೇಗೆ ಮಾಡುತ್ತಿದ್ದರು ಎಂದು ಅದನ್ನೂ ಸೇರಿಸಿ ಹೇಳಿ. ಹೊಸದೋ ಹಳೆಯದೋ ಎಂಬುದು ಮುಖ್ಯವಲ್ಲ, ಉಪಯೋಗವಾಗುತ್ತದೆಯೋ ಇಲ್ಲವೋ ಎಂಬುದೇ ಮುಖ್ಯ.

ನೀವು ಇನ್ನೊಬ್ಬರಿಂದ ಕೇಳಿ ಮಾಡಿದ್ದು ಚೆನ್ನಾಗಿ ಬಂದರೆ ಹೋಗಿ ತಿಳಿಸಿ. ಚೆನ್ನಾಗಿ ಬರದಿದ್ದರೆ ತಪ್ಪದೆ ಹೋಗಿ ತಿಳಿಸಿ. ಕೆಂಪು ಮಣ್ಣಿನಲ್ಲಿ ಸಲೀಸಾಗಿ ಓಡಿದ ಎಡೆಕುಂಟೆ ಎರೆಮಣ್ಣಿನಲ್ಲಿ ಮೆತ್ತಿಕೊಂಡು ನಿಂತಿತು ಎಂಬ ಸುದ್ದಿ ಮಾಡಿದವರಿಗೆ ಮುಟ್ಟಿದರೆ ಮಾತ್ರ ಅವರು ಅಲಗಿನ ಓರೆ ಬದಲಿಸುತ್ತಾರೆ. ನೀವು ಬದಲಾಯಿಸಿ ಸುಧಾರಿಸಿದ್ದರೆ ಮೊದಲು ಮಾಡಿದವರ ಹೆಸರನ್ನು ಹೇಳಿಯೇ ಮುಂದೆ ಹೇಳಿ. ಬೀಜ ಕಡ ತಂದವರು ಕೊಯ್ಲಾದ ಮೇಲೆ ಹಿಂದಿರುಗಿಸುವಂತೆಯೇ ಇದು.

ಪಾಠದ ಸಾರ

ಸಣ್ಣ ಸಾಧನವೂ ಹೇಳತಕ್ಕದ್ದೇ. ಹೇಳುವ ಮೊದಲು ಪಕ್ಕದಲ್ಲಿ ಹಳೆಯ ರೀತಿಯ ಪಟ್ಟಿ ಬಿಟ್ಟು ಹೋಲಿಸಬೇಕು, ಅಳೆಯಬೇಕು, ಬೇರೆಯವರ ಕೈಗೆ ಕೊಟ್ಟು ನೋಡಬೇಕು. ಹೇಳುವಾಗ ಸಾಮಾನು, ಅಳತೆ, ಖರ್ಚು, ವಿಧಾನಗಳ ಜೊತೆಗೆ ತಪ್ಪು ಬರುವ ಜಾಗವನ್ನೂ ನಡೆಯದ ಜಾಗವನ್ನೂ ಹೇಳಬೇಕು. ಅಪಾಯವಿರುವುದನ್ನು ಪರೀಕ್ಷೆ ಮಾಡಿಸದೆ ಹೇಳಬಾರದು. ಕಲಿಸಿದವರ ಹೆಸರು ಬಿಡಬಾರದು.

ಓದುಗರಿಗೆ ಅಭ್ಯಾಸ

1. ನಿಮ್ಮ ಮನೆಯಲ್ಲಿ, ಹೊಲದಲ್ಲಿ ನೀವೇ ಮಾಡಿಕೊಂಡ ಅಥವಾ ಹಿರಿಯರು ಮಾಡಿಟ್ಟ ಸಲಕರಣೆಗಳನ್ನು ಪಟ್ಟಿ ಮಾಡಿ. ಅಡಿಗೆಮನೆ ಮತ್ತು ಕೊಟ್ಟಿಗೆಯನ್ನು ಮರೆಯಬೇಡಿ.

2. ಅವುಗಳಲ್ಲಿ ಒಂದನ್ನು ಆರಿಸಿ, ಮೇಲೆ ಕೊಟ್ಟ ಏಳು ಪ್ರಶ್ನೆಗಳಿಗೆ ಉತ್ತರ ಬರೆಯಿರಿ.

3. ಬರೆದದ್ದನ್ನು ಆ ಸಲಕರಣೆಯನ್ನು ನೋಡಿಯೇ ಇರದ ಒಬ್ಬರ ಕೈಗೆ ಕೊಡಿ. ನೀವು ಬಾಯಿಂದ ಒಂದು ಮಾತೂ ಹೇಳದೆ, ಅವರು ಓದಿಕೊಂಡು ಮಾಡಬಲ್ಲರೇ ನೋಡಿ. ಅವರು ಎಲ್ಲಿ ತಡೆದು ನಿಂತು ನಿಮ್ಮನ್ನು ಕೇಳುತ್ತಾರೋ, ಅಲ್ಲಿ ಒಂದು ಸಾಲು ಬಿಟ್ಟುಹೋಗಿದೆ ಎಂದು ತಿಳಿಯಿರಿ. ಆ ಸಾಲನ್ನು ಸೇರಿಸಿದ ಮೇಲೆ ನಿಮ್ಮ ಹಾಳೆ ಪತ್ರಿಕೆಗೆ ಕಳುಹಿಸಲು ಸಿದ್ಧವಾಯಿತು.